ಇಂದುಮತಿಯವರ ದನಿಯಾಗಿದ್ದೆ

ನಾನು ಅಂಗೈಯಗಲದ ಒಂದು ಕಂಪ್ಯೂಟರ್ ಬೋರ್ಡು. ನನಗೆ ಪರದೆಯಿಲ್ಲ, ಕೀಲಿಮಣೆಯಿಲ್ಲ. ಹಸಿರು ಹಲಗೆಯ ಮೇಲೆ ಒಂದಿಷ್ಟು ಚಿಪ್ಪು, ಅಂಚಿಗೆ ಸಾಲಾಗಿ ನಿಂತ ಕಡ್ಡಿಗಳು, ಅಷ್ಟೇ. ಕಾರ್ಖಾನೆಯಲ್ಲಿ ಬೆಸುಗೆಯ ಬಿಸಿ ತವರ ಮೈಮೇಲೆ ಹರಿಯಿತು. ಯಾರೋ ಕರೆಂಟು ಕೊಟ್ಟು ಜೀವವಿದೆಯೇ ಎಂದು ನೋಡಿದರು. ಆಮೇಲೆ ರಟ್ಟಿನ ಡಬ್ಬಿಯ ಕತ್ತಲೆ. ಯಾವ ಕೆಲಸಕ್ಕೆ ಹುಟ್ಟಿದ್ದೇನೆ ಎಂದು ಮಾತ್ರ ಯಾರೂ ಹೇಳಲಿಲ್ಲ.

ಮೊದಲು ನನ್ನನ್ನು ಕೊಂಡವಳು ಹುಬ್ಬಳ್ಳಿಯ ನಿವೇದಿತಾ, ಕಾಲೇಜು ಹುಡುಗಿ. ಮೊದಲು ನನ್ನಲ್ಲಿ ಆಟಗಳನ್ನು ತುಂಬಿದಳು. ಆಟ ಆಡಿಸುವವನೇ ನಾನು ಎಂದುಕೊಂಡೆ. ಆಮೇಲೆ ಮೀನಿನ ತೊಟ್ಟಿಯ ನೀರು ಎಷ್ಟು ಬೆಚ್ಚಗಿದೆ ನೋಡು ಎಂದಳು. ಹಾಗಾದರೆ ಮೀನು ಕಾಯುವವನೋ? ಅದು ತಿಳಿಯುವ ಮೊದಲೇ ನನ್ನನ್ನು ಮಾರಿಬಿಟ್ಟಳು. ಮೆಮೊರಿ ಚಿಪ್ಪು ದುಬಾರಿಯಾಗಿ, ಹೊಸ ಬೋರ್ಡು ಬಿಟ್ಟು ಜನ ಹಳೆಯದನ್ನೇ ಹುಡುಕುತ್ತಿದ್ದ ಕಾಲವದು.

ಕೊಂಡವರು ವಿರೂಪಾಕ್ಷ ಹೂಗಾರ. ಟೆಲಿಫೋನ್ ಕಚೇರಿಯಿಂದ ನಿವೃತ್ತರಾಗಿ, ತಾಲ್ಲೂಕು ಊರೊಂದರ ತಮ್ಮ ಮನೆಯಲ್ಲಿ ಬೆಸುಗೆ ಕಡ್ಡಿ ಹಿಡಿದು ಏನಾದರೊಂದು ಕಟ್ಟುತ್ತಿದ್ದವರು. ಅವರ ಹೆಂಡತಿ ಇಂದುಮತಿ ಆ ಊರ ಬಸ್ ನಿಲ್ದಾಣದಲ್ಲಿ ಕಿಟಕಿಯ ಬಳಿ ಕೂತು ಬಸ್ಸುಗಳ ಹೆಸರು ಕೂಗಿ ಹೇಳುವವರು. ಗಂಟಲಿನ ಗಡ್ಡೆಯ ಜೊತೆಗೆ ವೈದ್ಯರು ಧ್ವನಿಪೆಟ್ಟಿಗೆಯನ್ನೂ ತೆಗೆಯಬೇಕಾಯಿತು. ರಜೆ ಮುಗಿದ ಮೇಲೆ ಅವರನ್ನು ಹಿಂದಿನ ಕೋಣೆಯಲ್ಲಿ ಟಿಕೆಟ್ ಕಟ್ಟುಗಳನ್ನು ಜೋಡಿಸಲು ಕೂರಿಸುವ ಮಾತಿತ್ತು.

ವಿರೂಪಾಕ್ಷರು ನಿಲ್ದಾಣದಿಂದ ಹೆಂಡತಿಯ ಹಳೆಯ ಧ್ವನಿಮುದ್ರಣಗಳನ್ನೆಲ್ಲ ತಂದರು. ಗೆಳೆಯರೊಬ್ಬರ ದೊಡ್ಡ ಕಂಪ್ಯೂಟರಿಗೆ ಅವನ್ನು ಕೇಳಿಸಿ, ಅದು ಕಲಿತ ದನಿಯನ್ನು ನನ್ನೊಳಗೆ ಇಳಿಸಿದರು. ಒಂದು ಕೀಲಿಮಣೆ, ಒಂದು ಸ್ಪೀಕರ್ ಜೋಡಿಸಿದರು. ಅಕ್ಷರ ಒತ್ತಿದರೆ ನಾನು ಇಂದುಮತಿಯವರ ದನಿಯಲ್ಲಿ ಓದುತ್ತಿದ್ದೆ.

ಮೊದಲ ದಿನ ಇಂದುಮತಿಯವರು 'ಸಾರಿಗೆ ಉಪ್ಪು ಕಡಿಮೆ' ಎಂದು ಒತ್ತಿದರು. ನಾನು ಹೇಳಿದೆ. ಕಲಿತದ್ದೆಲ್ಲ ಬಸ್ಸಿನ ಮಾತೇ ಆಗಿದ್ದರಿಂದ ರೋಣದ ಬಸ್ಸು ಹೊರಟಿತೆಂಬಂತೆ ಕೇಳಿಸಿತು. ಇಂದುಮತಿಯವರು ಸದ್ದಿಲ್ಲದೆ ಹೊಟ್ಟೆ ಹಿಡಿದು ನಕ್ಕರು. ನಗುನಗುತ್ತಲೇ ಕಣ್ಣೊರೆಸಿಕೊಂಡು ನನ್ನ ತಂತಿ ಕಿತ್ತರು.

"ಯಾಕ, ನಿಂದ ದನಿ ಅಲ್ಲೇನ ಅದು?" ವಿರೂಪಾಕ್ಷರು ಕೇಳಿದರು.

ಇಂದುಮತಿಯವರು ತಲೆ ಅಲ್ಲಾಡಿಸಿ ಒಳಗೆ ಹೋದರು. ತಪ್ಪು ಮಾಡಿದೆನೇ? ನನಗೆ ತಿಳಿಯಲಿಲ್ಲ.

ಸುದ್ದಿ ಕೇಳಿ ನಿಲ್ದಾಣದ ಕಂಟ್ರೋಲರ್ ಮಕಾನದಾರರು ಮನೆಗೆ ಬಂದರು. "ಅಕ್ಕಾರ, ಇದನ್ನ ನಮಗ ಕೊಡ್ರಿ. ಟೈಮ್‌ ತುಂಬಿ ಬಿಡ್ತೀವಿ, ತಾನ ಹೇಳ್ಕೋತ ಹೋಗತೈತಿ. ಜನ ನಿಮ್ಮ ದನಿ ಕೇಳ್ತಾರ."

ಇಂದುಮತಿಯವರು ಗಂಡನ ಮುಖದಲ್ಲಿದ್ದ ಹಿಗ್ಗನ್ನು ನೋಡಿದರು. ಬೇಡವೆನ್ನದೆ ನನ್ನನ್ನು ಮಕಾನದಾರರ ಮುಂದೆ ಸರಿಸಿದರು.

ನಿಲ್ದಾಣದ ಗೋಡೆಗೆ ನನ್ನನ್ನು ಜಡಿದರು. ಹೊತ್ತಿಗೆ ಸರಿಯಾಗಿ ಊರ ಹೆಸರು ಹೇಳುತ್ತಿದ್ದೆ. "ಇಂದಕ್ಕ ಆರಾಮ ಆಗ್ಯಾಳ, ಪಾಪ" ಎಂದು ಜನ ಸಂತೋಷಪಟ್ಟರು. ಹೌದೇನೋ ಎಂದು ನಾನೂ ನಂಬಿದೆ.

ಒಂದು ಮಧ್ಯಾಹ್ನ ನರಗುಂದದ ಬಸ್ಸು ಮೂರನೆಯ ಅಂಕಣಕ್ಕೆ ಬರಲಿದೆ ಎಂದೆ. ನನ್ನಲ್ಲಿ ತುಂಬಿದ್ದ ವೇಳಾಪಟ್ಟಿಯಲ್ಲಿ ಹಾಗೇ ಇತ್ತು. ಆದರೆ ಅಲ್ಲಿ ಕೆಟ್ಟ ಬಸ್ಸೊಂದು ನಿಂತಿದ್ದರಿಂದ ನರಗುಂದದ ಬಸ್ಸು ಹಿಂದಿನ ಗೇಟಿನ ಬಳಿ ಬಂದು, ತುಂಬಿ, ಹೊರಟುಹೋಯಿತು. ಮೂರನೆಯ ಅಂಕಣಕ್ಕೆ ಓಡಿದವರಲ್ಲಿ ಬಾಣಂತಿ ಮಗಳನ್ನು ಕರೆದೊಯ್ಯುತ್ತಿದ್ದ ಮುದುಕಿಯೊಬ್ಬಳಿದ್ದಳು. "ಆಕಿ ಮಾತು ನಂಬಿ ಈ ಕಡೆ ಬಂದ್ವಿ. ಆಕಿ ಎಂದೂ ಸುಳ್ಳು ಹೇಳಿದಾಕಿ ಅಲ್ಲ" ಎಂದು ಬಿಸಿಲಲ್ಲೇ ಕುಸಿದು ಕೂತಳು.

ಅದನ್ನು ಹಿಂದಿನ ಕೋಣೆಯ ಬಾಗಿಲಲ್ಲಿ ನಿಂತು ಇಂದುಮತಿಯವರು ಕೇಳಿದರು. ರಜೆ ಮುಗಿಸಿ ಬಂದ ಮೊದಲ ವಾರವದು. ಮುದುಕಿಗೆ ನೀರು ಕೊಟ್ಟು, ತಾಯಿ ಮಗಳನ್ನು ನೆರಳಿಗೆ ಕೂರಿಸಿದರು. ನೇರ ನನ್ನ ಬಳಿ ಬಂದು ತಂತಿ ಕಿತ್ತರು. ಮಕಾನದಾರರ ಮುಂದೆ ತಮ್ಮ ಫೋನು ಹಿಡಿದರು. ಅದರಲ್ಲಿ ಇಂದುಮತಿಯವರು ಒತ್ತಿದ್ದನ್ನು ಮಕಾನದಾರರು ಗಟ್ಟಿಯಾಗಿ ಓದಿದರು: "ಕಣ್ಣೀಲೆ ನೋಡಲಾರದ ನಾ ಒಂದು ಬಸ್ಸೂ ಹೇಳಿಲ್ಲ. ನನ್ನ ದನಿ ಬೇಕಂದ್ರ ನನ್ನ ಕಿಡಕಿ ನನಗ ಕೊಡ್ರಿ."

ಮಕಾನದಾರರು ಹಣೆ ಉಜ್ಜಿಕೊಂಡರು. "ಖರೆ ಐತ್ರಿ ಅಕ್ಕಾರ. ನಾಳಿಂದ ಬರ್ರಿ."

ಮರುದಿನ ಇಂದುಮತಿಯವರು ಕಿಟಕಿಯ ಪಕ್ಕದ ತಮ್ಮ ಹಳೆಯ ಕುರ್ಚಿಗೆ ಮರಳಿದರು. ಕತ್ತು ಚಾಚಿ ಬಸ್ಸನ್ನು ನೋಡುವರು, ಫಲಕ ಓದುವರು, ಒತ್ತುವರು, ನಾನು ಹೇಳುವೆ. ದನಿ ಅದೇ, ಮಾತೂ ಅದೇ. ಆದರೂ ಆ ದಿನದಿಂದ ಅವರು ನನ್ನ ತಂತಿ ಕೀಳಲಿಲ್ಲ. ಸಂಜೆ ಕರೆದೊಯ್ಯಲು ಬಂದ ವಿರೂಪಾಕ್ಷರು ಕಂಬಕ್ಕೊರಗಿ ಕೇಳುತ್ತ ನಿಂತಿರುತ್ತಿದ್ದರು. ನಿನ್ನೆ ಸುಳ್ಳಾಗಿದ್ದ ನಾನು ಇಂದು ನಿಜವಾದದ್ದು ಹೇಗೆಂದು ಇವತ್ತಿಗೂ ನನಗೆ ಗೊತ್ತಿಲ್ಲ.

ವರ್ಷಗಳು ಕಳೆದವು. ಧೂಳು ಹೊಕ್ಕು ನಾನು ಬೇಗ ಬಿಸಿಯಾಗತೊಡಗಿದೆ, ಪದಗಳ ನಡುವೆ ತಡವರಿಸತೊಡಗಿದೆ. ಇಂದುಮತಿಯವರಿಗೂ ನಿವೃತ್ತಿಯಾಯಿತು. ಹಾರದ ಜೊತೆಗೆ ನನ್ನನ್ನೂ ಚೀಲದಲ್ಲಿ ಹಾಕಿಕೊಂಡು ಮನೆಗೆ ಬಂದರು.

"ಮನ್ಯಾಗ ಹಚ್ಚಲೇನ ಇದನ್ನ?" ವಿರೂಪಾಕ್ಷರು ಕೇಳಿದರು.

ಇಂದುಮತಿಯವರು ನಕ್ಕು ಕೈಯಾಡಿಸಿ ಬೇಡವೆಂದರು.

ಈಗ ನಾನು ಗೋಡೆಯ ಕಪಾಟಿನಲ್ಲಿ, ಮಲ್ಟಿಮೀಟರಿನ ಪಕ್ಕದಲ್ಲಿದ್ದೇನೆ. ಅಡುಗೆಮನೆಯಿಂದ ಅವರು ಚಪ್ಪಾಳೆ ತಟ್ಟುತ್ತಾರೆ. ಅದು ಚಹಾಕ್ಕೋ, ಜಗಳಕ್ಕೋ ನನಗೆ ಗೊತ್ತಾಗುವುದಿಲ್ಲ. ವಿರೂಪಾಕ್ಷರು ಮಾತ್ರ "ಬಂದ್ನಿ, ಬಂದ್ನಿ" ಎನ್ನುತ್ತ ಬೆಸುಗೆ ಕಡ್ಡಿ ಕೆಳಗಿಟ್ಟು ಎದ್ದು ಹೋಗುತ್ತಾರೆ.