ಹಂಚಿನ ಕೆಳಗಿನ ಬಾಣಂತಿ

ನಾನೊಂದು ನೂರುಕಾಲಿನ ಜರಿ, ಮರುಭೂಮಿಯವಳು. ಕಾದ ಮರಳಿನ ನಡುವೆ, ಒಂದು ಕಲ್ಲಿನಡಿಯ ತಂಪಿನಲ್ಲಿ ಹುಟ್ಟಿದೆ. ನಮ್ಮ ಕಾಲು ಗಟ್ಟಿಯಾಗುವವರೆಗೆ ಅಮ್ಮ ಊಟ ಬಿಟ್ಟು, ನಮ್ಮನ್ನೆಲ್ಲ ಮೈಯಿಂದ ಸುತ್ತಿಕೊಂಡಿದ್ದಳು. ನನಗೆ ನೆನಪಿರುವ ಮೊದಲ ಸುಖ ಆ ಕತ್ತಲೆ.

ದೊಡ್ಡವಳಾದ ಮೇಲೊಮ್ಮೆ, ಲಾರಿಗೆ ಹೇರಲು ಪೇರಿಸಿದ್ದ ಕಲ್ಲುಚಪ್ಪಡಿಗಳ ನಡುವಿನ ಒಣಹುಲ್ಲಿನಲ್ಲಿ ಅಡಗಿದ್ದೆ. ಲಾರಿ ಓಡಿಸುವ ಬಸಲಿಂಗ ನನ್ನನ್ನು ಕಂಡ. ಕೊಲ್ಲಲಿಲ್ಲ, ಡಬ್ಬಿಯಲ್ಲಿಟ್ಟು ವಿಜಯಪುರದ ಮನೆಗೆ ತಂದ. ಗಾಜಿನ ಪೆಟ್ಟಿಗೆಗೆ ಮರಳು ತುಂಬಿ, ಮರೆಗೆಂದು ಒಂದು ಹಂಚಿನ ತುಂಡು ಇಟ್ಟ.

"ಮನ್ಯಾಗ ಇಂಥಾದ್ದು ಇಟ್ಕೋತಾರೇನೋ ಹುಚ್ಚಪ್ಪ!" ಎಂದು ಅವನವ್ವ ನೀಲವ್ವ ಕೂಗಾಡಿದಳು. ಆದರೆ ಅವನು ಮತ್ತೆ ಲಾರಿ ಹತ್ತಿದ ಮೇಲೆ ನನಗೆ ಜಿರಳೆ ಹಿಡಿದು ಹಾಕಿದವಳು ಅವಳೇ. ಬೇಸಿಗೆಯಲ್ಲಿ ನಾನು ನೀರು ಕುಡಿಯುವ ಪುಟ್ಟ ಮುಚ್ಚಳಕ್ಕೂ ಗಡಿಗೆಯ ತಣ್ಣೀರನ್ನೇ ಸುರಿಯುತ್ತಿದ್ದಳು.

ಅವಳ ಮಗಳು ಕಸ್ತೂರಿ ತವರಿಗೆ ಬಂದು ಹೆತ್ತಾಗ, ನಾನೂ ಹಂಚಿನ ಕೆಳಗೆ ಮೊಟ್ಟೆಯಿಟ್ಟು ಸುತ್ತಿಕೊಂಡಿದ್ದೆ. ನೀಲವ್ವ ಗಾಜಿನಲ್ಲಿ ಇಣುಕಿ, "ನೀನೂ ಬಾಣಂತಿ ಆದಿ ಏನವ್ವಾ?" ಎಂದು ನಕ್ಕಳು.

ಮಗಳ ಕೋಣೆಗೆ ದಪ್ಪ ಪರದೆ ಬಿತ್ತು. ಕೂಸು ನೋಡಲು ಬಂದ ಓಣಿಯ ಹೆಂಗಸರು ಹೊರಗೇ ನಿಂತರು.

"ಒಂಚೂರು ಮಾರಿ ತೋರಿಸಿದ್ರ ನಿನ್ನ ಮೊಮ್ಮಗಳು ಸವದು ಹೋಗ್ತಾಳೇನ ನೀಲಕ್ಕಾ?" ಎನ್ನುತ್ತ ಈರವ್ವ ಪರದೆಗೆ ಕೈ ಹಾಕಿದಳು.

"ಕೈ ತಗೀ! ಎಳೇ ಕೂಸಿಗೆ ದೃಷ್ಟಿ ಆಗ್ತೈತಿ. ಬರ್ರಿ, ನಮ್ಮ ಬಸ್ಯಾನ ಜರಿ ತೋರಿಸ್ತೀನಿ. ಅದೂ ಹಡದೈತಿ."

ನೀಲವ್ವ ಇಕ್ಕಳದಿಂದ ಹಂಚು ಎತ್ತಿದಳು. ಬೆಳಕು ಬೆನ್ನಿಗೆ ಬಡಿಯಿತು. "ಅಯ್ಯಯ್ಯ!" ಎಂಬ ಕೂಗು, ಗಾಜಿನ ಮೇಲೆ ಬೆರಳುಗಳು. ಅವರು ಹೋದರು, ಬೇರೆಯವರು ಬಂದರು. ಹಂಚು ಮತ್ತೆ ಎದ್ದಿತು. ಇನ್ನು ಇವನ್ನು ಕಾಪಾಡಲಾರೆ ಎನ್ನಿಸಿದಾಗ ನಮ್ಮ ಕುಲದವರು ಮಾಡುವುದನ್ನೇ ಮಾಡಿದೆ. ಮೊಟ್ಟೆಗಳನ್ನು ತಿಂದುಬಿಟ್ಟೆ.

ಸಂಜೆ ಜಿರಳೆ ತಂದ ನೀಲವ್ವ ಬರಿದಾದ ಮರಳನ್ನು ನೋಡಿ, ನನ್ನ ಬಾಯಿ ನೋಡಿ, ಅಲ್ಲೇ ಕುಳಿತಳು. ಒಳಗೆ ಮೊಮ್ಮಗಳು ಅಳುತ್ತಿದ್ದಳು.

"ನನ್ನ ಮಗಳ ಪರದೆ ಉಳಿಸಾಕ ನಿನ್ನ ಪರದೆ ಎತ್ತಿದ್ನಲ್ಲವ್ವಾ."

ತನ್ನ ಹಳೆಯ ಇಳಕಲ್ ಸೀರೆ ತಂದು ಪೆಟ್ಟಿಗೆಯ ಸುತ್ತ ಹೊದಿಸಿದಳು. ತಪ್ಪು ತನ್ನದೆನ್ನುತ್ತಾಳೆ. ಆದರೆ ತಿಂದ ಬಾಯಿ ನನ್ನದು.

ಈಗ ನಾನು ಮುದುಕಿ. ಕೆಲವು ಕಾಲುಗಳು ಉದುರಿವೆ. ಮತ್ತೆ ಮೊಟ್ಟೆಯಿಡಲಿಲ್ಲ. ರಜೆಗೆ ಬರುವ ಮೊಮ್ಮಗಳು ಸೀರೆಯ ಅಂಚು ಎಳೆಯಹೋದರೆ ನೀಲವ್ವ ಓಡಿಬರುತ್ತಾಳೆ:

"ಬ್ಯಾಡ ತಾಯಿ. ಒಳಗ ಬಾಣಂತಿ ಅದಾಳ."

ಹಂಚಿನ ಕೆಳಗೆ ನನ್ನ ಹೊರತು ಏನೂ ಇಲ್ಲ. ಆದರೂ ಆ ಮಾತು ಕೇಳಿದೊಡನೆ ನನ್ನ ಮೈ ತಾನಾಗಿ ಸುತ್ತಿಕೊಳ್ಳುತ್ತದೆ.