ಗಾಜಿನ ಆಚೆಗೆ ಹನ್ನೊಂದು ಜನ

"ಮೊದಲು ತಲೆ. ಆಮೇಲೆ ಮೈ. ಕೊನೆಗೆ ಕಾಲು," ಎಂದ ಅವನು. ದನಿ ಬೇಕಾದ್ದಕ್ಕಿಂತ ಗಡುಸಾಗಿ ಬಂತು. "ಧೂಳು ಬೀಳೋದು ಕೆಳಕ್ಕೆ ತಾನೆ? ಅದಕ್ಕೆ ಮೇಲಿಂದ ತೊಟ್ಕೊಂಡು ಬರಬೇಕು."

ಹತ್ತನೇ ತರಗತಿಯ ನಲವತ್ತು ಮಕ್ಕಳು ಅವನ ಕೈಯಲ್ಲಿದ್ದ ಬಿಳಿ ದಿರಿಸನ್ನೇ ನೋಡುತ್ತಿದ್ದರು. ಚಿಪ್ ಕಾರ್ಖಾನೆಯ ಒಳಗೆ ಹೋಗುವವರು ತೊಡುವ ದಿರಿಸು. ತೊಟ್ಟರೆ ಕಣ್ಣು ಬಿಟ್ಟು ಇನ್ನೇನೂ ಕಾಣದು. ಹಿಂದಿನ ಬೆಂಚಿನಲ್ಲಿ ಯಾರೋ "ದೆವ್ವ" ಎಂದರು. ನಾಲ್ಕು ಜನ ಕಿಸಕ್ಕೆಂದರು.

ಮಾತಾಡಬೇಕಾದವನು ಅವನಲ್ಲ, ಕಾರ್ಖಾನೆಯ ದೊಡ್ಡ ಇಂಜಿನಿಯರು. ಅವರಿಗೆ ಬೆಳಿಗ್ಗೆ ಜ್ವರ ಬಂತು. ದಿರಿಸಿನ ಚೀಲ ಹೊತ್ತು ಬರಲು ಹೇಗೂ ಇವನಿದ್ದ. "ನೀನೇ ನಾಲ್ಕು ಮಾತು ಆಡಿ ಬಾರೋ," ಎಂದಿದ್ದ ಮ್ಯಾನೇಜರ್. "ಶನಿವಾರ ಆ ಶಾಲೆಯಿಂದ ಹತ್ತು ಮಕ್ಕಳು ಒಳಗೆ ಬರ್ತಾರೆ. ಹತ್ತು ಮಕ್ಕಳು, ಒಬ್ಬ ಸಹಾಯಕ, ಹನ್ನೊಂದು ಪಾಸು. ಆ ಹನ್ನೊಂದನೇದು ನಿಂದು, ಹೋಗು."

ಆ ಒಂದು ಮಾತಿಗೆ ಅವನು ಒಪ್ಪಿದ್ದ. ನಾಲ್ಕು ವರ್ಷದಿಂದ ಅವನು ಆ ಕಾರ್ಖಾನೆಯ ದಿರಿಸಿನ ಕೋಣೆಯಲ್ಲಿದ್ದ. ಪಾಳಿಗೆ ಇನ್ನೂರು ಜನರಿಗೆ ದಿರಿಸು ಕೊಡುವುದು, ಕುತ್ತಿಗೆಯ ಗುಂಡಿ ನೋಡುವುದು, ಪೌಡರ್ ಹಾಕಿಕೊಂಡು ಬಂದ ಇಂಜಿನಿಯರನ್ನು ಮುಖ ತೊಳೆಯಲು ವಾಪಸು ಕಳಿಸುವುದು. ಅವರೆಲ್ಲ ಗಾಜಿನ ಬಾಗಿಲು ದಾಟಿ ಹಳದಿ ಬೆಳಕಿನೊಳಗೆ ಹೋಗುತ್ತಿದ್ದರು. ಅವನ ಕೆಲಸ ಬಾಗಿಲಿಗೇ ಮುಗಿಯುತ್ತಿತ್ತು. ಒಳಗೆ ಏನಿದೆಯೆಂದು ಊಟದ ಕೋಣೆಯ ಹರಟೆಯಲ್ಲಿ ಕೇಳಿದ್ದೇ ಹೊರತು ಕಣ್ಣಾರೆ ಕಂಡವನಲ್ಲ.

ಒಪ್ಪಿದ ಮೇಲೆ ಗೊತ್ತಾಯಿತು ಯಾವ ಶಾಲೆಯೆಂದು. ಅವನದೇ ಶಾಲೆ. ಇದೇ ಕೋಣೆ. ಏಳು ವರ್ಷದ ಹಿಂದೆ, ಒಂಬತ್ತನೇ ತರಗತಿಯಲ್ಲಿ, ಇದೇ ಹೆಡ್ ಮಾಸ್ತರು ಗಣಿತದ ಪೇಪರನ್ನು ಅವನ ಮುಖಕ್ಕೆ ಹಿಡಿದು, "ಬೆಂಚು ಸವೆಸೋಕೆ ಬರ್ತೀಯೇನೋ? ನಾಳೆಯಿಂದ ಬರಬೇಡ, ಬೆಂಚಾದರೂ ಉಳೀಲಿ," ಎಂದಿದ್ದರು. ತರಗತಿ ನಕ್ಕಿತ್ತು. ಅವನು ಮಾರನೆಯ ದಿನ ಬರಲಿಲ್ಲ. ಯಾಕೆ ಬರಲಿಲ್ಲವೆಂದು ಕೇಳಲು ಒಂದು ನರಪಿಳ್ಳೆಯೂ ಮನೆಗೆ ಬರಲಿಲ್ಲ.

ಈಗ ಮಾಸ್ತರು ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಕೂತಿದ್ದರು. ಗುರುತು ಹಿಡಿದಿರಲಿಲ್ಲ. "ನೀವು ಮುಂದುವರಿಸಿ," ಎಂದರು. ಅಂದಿನ ಏಕವಚನಕ್ಕಿಂತ ಇಂದಿನ ಈ ಬಹುವಚನವೇ ಅವನಿಗೆ ಹೆಚ್ಚು ಉರಿಯಿತು.

ಮೇಜಿನ ಮೇಲೆ ಅವನು ಒಂದು ಪೆಟ್ಟಿಗೆ ಇಟ್ಟ. "ಇದು ಗಾಳಿಲಿರೋ ಧೂಳು ಎಣಿಸೋ ಯಂತ್ರ." ಫ್ಯಾನ್ ಆರಿಸಿ, ಕಿಟಕಿ ಮುಚ್ಚಿಸಿ, ಗುಂಡಿ ಒತ್ತಿದ. ಅಂಕಿ ಓಡಿ ನಿಂತಿತು. ಆರು ಲಕ್ಷ. "ಒಂದು ಸಣ್ಣ ಡಬ್ಬಿಯಷ್ಟು ಗಾಳಿಲಿ ಇಷ್ಟು ಕಣ. ಅಲ್ಲಿ, ಒಳಗೆ, ಎಷ್ಟಿರಬೇಕು ಹೇಳಿ?"

"ಒಂದು ಲಕ್ಷ!"

"ಸಾವಿರ!"

"ಹತ್ತು," ಎಂದ ಅವನು. "ಒಂದು ಕೂದಲಿನ ದಪ್ಪದಲ್ಲಿ ಸಾವಿರ ಗೆರೆ ಎಳೀತಾರೆ ಅಲ್ಲಿ. ಒಂದು ಕಣ ಬಿತ್ತು ಅಂದ್ರೆ ರಸ್ತೆಗೆ ಬಂಡೆ ಉರುಳಿದ ಹಾಗೆ. ನಿಮ್ಮಪ್ಪನ ಫೋನು, ಆಸ್ಪತ್ರೆ ಯಂತ್ರ, ಎಲ್ಲದರ ತಲೆನೂ ಅಲ್ಲೇ ಹುಟ್ಟೋದು."

ಅಂಕಿಗಳನ್ನು ಬೋರ್ಡಿನ ಮೇಲೆ ಬರೆಯಲು ತಿರುಗಿದ. ಬರೆಯಲೇಬೇಕಿರಲಿಲ್ಲ. ಆದರೆ ಆ ಬೋರ್ಡಿಗೆ ಅವನನ್ನು ಯಾರೂ ಎಂದೂ ಕರೆದಿರಲಿಲ್ಲ. ಸೀಮೆಸುಣ್ಣ ಹಿಡಿದು ಆರು ಬರೆದು ಐದು ಸೊನ್ನೆ ಸುತ್ತಿದ, ದೊಡ್ಡದಾಗಿ, ಒತ್ತಿ ಒತ್ತಿ. ಕೆಳಗೆ ಹತ್ತು ಬರೆದ. ಕೈ ಕೊಡವಿಕೊಂಡ.

"ಈಗ ನನ್ನ ತೋಳಿನ ಹತ್ತಿರ ಯಂತ್ರ ಹಿಡಿದು ನೋಡಿ. ನಾನು ಈ ಕೆಲಸದೋನು, ನಂಗೆ ಶುದ್ಧ ಅಂದ್ರೇನು ಅಂತ ಗೊತ್ತು."

ಮುಂದಿನ ಬೆಂಚಿನ ಹುಡುಗ ಹಿಡಿದ. ಅಂಕಿ ಹುಚ್ಚೆದ್ದು ಏರಿತು. ಹದಿನಾಲ್ಕು, ಇಪ್ಪತ್ತು, ಇಪ್ಪತ್ತೇಳು ಲಕ್ಷ. ಯಂತ್ರ ಕೀಂ ಎಂದು ಅರಚತೊಡಗಿತು.

"ಅಣ್ಣ, ನೀವೇ ಎಲ್ಲರಿಗಿಂತ ಗಲೀಜು!"

ಕೋಣೆ ಬಿದ್ದು ಬಿದ್ದು ನಕ್ಕಿತು. ಅವನ ಕಿವಿ ಕೆಂಪಾಯಿತು. ಇನ್ನೂರು ಜನರನ್ನು ದಿನಾ ಗದರುವವನು, ಸೀಮೆಸುಣ್ಣದ ಪುಡಿಯನ್ನು ತೋಳಿನ ತುಂಬ ಬಳಿದುಕೊಂಡು ನಿಂತಿದ್ದ. ಅದೇ ಕೋಣೆ, ಅದೇ ನಗು. ಚೀಲ ಎತ್ತಿಕೊಂಡು ಹೊರಟುಬಿಡೋಣ ಎನಿಸಿತು. ಆದರೆ ಈ ನಗುವಿನಲ್ಲಿ ಮುಳ್ಳಿರಲಿಲ್ಲ. ಮಕ್ಕಳು ಬೆಂಚು ಬಿಟ್ಟು ಯಂತ್ರದ ಸುತ್ತ ಮುಗಿಬಿದ್ದಿದ್ದರು. ಅವನಿಗೂ ನಗು ಬಂದುಬಿಟ್ಟಿತು.

"ಸರಿ ಕಣ್ರೋ, ನಾನು ಸೋತೆ. ಈಗ ನಿಮ್ಮ ಸರದಿ. ದಿರಿಸು ತೊಡಿ. ನೆಲಕ್ಕೆ ತಾಗಬಾರದು, ಅಂಕಿ ಏರಬಾರದು."

ಮೊದಲ ಬೆಂಚಿನವರು ನುಗ್ಗಿದರು. ಒಬ್ಬ ಪ್ಯಾಂಟು ಏರಿಸುವ ಹಾಗೆ ಏರಿಸಿದ. ತೋಳುಗಳು ನೆಲ ಗುಡಿಸಿದವು. ಇನ್ನೊಬ್ಬಳು ಝಾಡಿಸಿದಳು, ಒಂಬತ್ತು ಲಕ್ಷ. ಏಳು ಜನ ಬಂದರು, ಏಳು ಜನವೂ ಸೋತು ಹೋದರು.

"ಆಮೆ, ನೀನು ಹೋಗೇ!" ಎಂದು ಯಾರೋ ಕೂಗಿದರು. "ಅವಳು ತೊಡೋಷ್ಟರಲ್ಲಿ ಶನಿವಾರ ಬಂದಿರತ್ತೆ."

ಕೊನೆಯ ಬೆಂಚಿನ ಹುಡುಗಿ ಎದ್ದಳು. ಕೈ ತೊಳೆದು ಬರಲೇ ಎಂದು ಕೇಳಿ, ಹೋಗಿ, ತೊಳೆದು, ಒರೆಸಿಕೊಂಡು ಬಂದಳು. ಅಲ್ಲಿಯವರೆಗೆ ಯಾರಿಗೂ ಹೊಳೆಯದ ವಿಚಾರ. ದಿರಿಸಿನ ಎರಡು ತೋಳು, ಎರಡು ಕಾಲು, ನಾಲ್ಕನ್ನೂ ಸುರುಳಿ ಮಾಡಿ ಮುಷ್ಟಿಯಲ್ಲಿ ಹಿಡಿದಳು. ಒಂದೊಂದು ಸುರುಳಿಯನ್ನೇ ಬಿಚ್ಚುತ್ತ ಒಂದೊಂದು ಕೈಕಾಲು ತೂರಿಸಿದಳು, ಬೆಣ್ಣೆಯಿಂದ ಕೂದಲು ತೆಗೆದ ಹಾಗೆ. ತರಗತಿಯ ಗದ್ದಲ ತಾನಾಗಿ ಅಡಗಿತು. ಅಂಕಿ ಆರು ಲಕ್ಷದ ಆಸುಪಾಸಿನಲ್ಲೇ ಆಡುತ್ತಿತ್ತು.

ಆ ಸುರುಳಿಯ ಹಿಡಿತ ಕಲಿಯಲು ಅವನಿಗೇ ಒಂದು ತಿಂಗಳು ಹಿಡಿದಿತ್ತು. "ಯಾರು ಹೇಳಿಕೊಟ್ರು?"

"ಯಾರೂ ಇಲ್ಲ ಅಣ್ಣ. ನಮ್ಮದು ಇಸ್ತ್ರಿ ಅಂಗಡಿ. ಬಿಳಿ ಬಟ್ಟೆ ನೆಲಕ್ಕೆ ತಾಗಿದ್ರೆ ಅಪ್ಪ ಸುಮ್ನಿರಲ್ಲ."

ಗಂಟೆ ಹೊಡೆಯಿತು. ಹೆಡ್ ಮಾಸ್ತರು ಜೇಬಿನಿಂದ ಮಡಿಸಿದ ಹಾಳೆ ತೆಗೆದರು. "ಹತ್ತು ಹೆಸರು. ಅಂಕಗಳ ಪ್ರಕಾರ. ಅಳತೆ ಬರೆದುಕೊಳ್ಳಿ."

ಅವನು ಓದಿ ನೋಡಿದ. "ಆ ಹುಡುಗಿ ಹೆಸರು ಇದರಲ್ಲಿ ಇದೆಯಾ ಸಾರ್?"

"ಆಮೆದಾ? ಅಯ್ಯೋ, ಪರೀಕ್ಷೆಯಲ್ಲಿ ಅರ್ಧ ಪೇಪರು ಖಾಲಿ ಬಿಡ್ತಾಳೆ ರೀ. ಈ ವರ್ಷ ಮುಗಿದರೆ ಅಪ್ಪನ ಅಂಗಡಿಗೇ ಅಂತೆ. ಸೀಟು ಯಾಕೆ ದಂಡ ಮಾಡೋದು?"

"ಬರೆದ ಅರ್ಧದಲ್ಲಿ ಒಂದೂ ತಪ್ಪಿರಲ್ಲ ಸರ್," ಎಂದರು ಪಕ್ಕದಲ್ಲಿದ್ದ ವಿಜ್ಞಾನದ ಟೀಚರು, ತಗ್ಗಿದ ದನಿಯಲ್ಲಿ.

"ಅರ್ಧಕ್ಕೆ ಅರ್ಧ ಅಂಕವೇ ಅಲ್ವೇನಮ್ಮ?"

ಕಾರ್ಖಾನೆಯ ಪಾಸಿನ ಹಾಳೆಯಲ್ಲಿ ಅವನು ಹತ್ತು ಮಕ್ಕಳ ಹೆಸರು, ಅಳತೆ ಬರೆದುಕೊಂಡ. ಅವರಲ್ಲಿ ಯಾರನ್ನು ಹೊಡೆದುಹಾಕುವುದು? ಅವರೇನು ಪಾಪ ಮಾಡಿದ್ದರು? ಹನ್ನೊಂದನೇ ಸಾಲಿನಲ್ಲಿ 'ಸಹಾಯಕ' ಎಂದು ಅಚ್ಚಾಗಿತ್ತು, ಎದುರಿಗೆ ಅವನ ಹೆಸರು. ನಾಲ್ಕು ವರ್ಷ ಕಾದ ಸಾಲು. ಹುಡುಗಿ ದಿರಿಸನ್ನು ಮಡಿಸುತ್ತಿದ್ದಳು, ಅಂಚಿಗೆ ಅಂಚು ಕೂಡಿಸಿ. ಮಡಿಸುತ್ತಲೇ ಕೇಳಿದಳು:

"ಅಣ್ಣ, ಅಲ್ಲಿ ಬೇಗ ಬೇಗ ಅಂತ ಬೈತಾರಾ?"

"ಅಲ್ಲಿ ಬೇಗ ಮಾಡಿದೋರಿಗೇ ಬೈಯೋದು. ಕೈ ಬೀಸಿ ನಡೆದ್ರೂ ಬೈತಾರೆ. ಕನ್ನಡಿ ಥರ ಬಿಲ್ಲೆ ಇರತ್ತೆ, ಅದನ್ನ ತಯಾರು ಮಾಡೋಕೆ ಮೂರು ತಿಂಗಳು. ಅವಸರದೋನು ಒಂದು ಸಲ ಕೆಮ್ಮಿದ್ರೆ ಮೂರು ತಿಂಗಳು ನೀರಿಗೆ."

"ಅಲ್ಲಿ ಸೇರಬೇಕು ಅಂದ್ರೆ ಏನು ಓದಬೇಕು?"

"ಹತ್ತು ಪಾಸಾಗಿ ಮೂರು ವರ್ಷ ಡಿಪ್ಲೊಮಾ. ಯಂತ್ರ ನೋಡ್ಕೊಳ್ಳೋರಲ್ಲಿ ಅರ್ಧ ಜನ ನಿನ್ನಂಥ ಹುಡುಗೀರೇ." ಅವನು ತಡೆದ. "ಹತ್ತು ಪಾಸಾಗಲೇಬೇಕು. ಗೊತ್ತಿರೋದನ್ನ ಮೊದಲು ಬರಿ, ದುಂಡಗೆ ಬರೆಯೋದು ಆಮೇಲೆ. ನಾನು ಒಂಬತ್ತಕ್ಕೇ ಬಿಟ್ಟೆ. ಅದಕ್ಕೆ ಬಾಗಿಲಲ್ಲೇ ನಿಂತಿದೀನಿ."

ಹಾಗೆಂದವನೇ ಪೆನ್ನು ತೆಗೆದು ತನ್ನ ಹೆಸರಿನ ಮೇಲೆ ಗೀಟು ಎಳೆದ. ಅವಳನ್ನೇ ಕೇಳಿ ಗೀಟಿನ ಪಕ್ಕದಲ್ಲಿ ಅವಳ ಹೆಸರು ಬರೆದ, ಎತ್ತರ ಬರೆದ, ಪಾದದ ಅಳತೆ ಬರೆದ. ಹಾಳೆಯನ್ನು ಮಾಸ್ತರ ಮುಂದೆ ಇಟ್ಟ.

"ಹತ್ತೇ ಅಂದಿದ್ರಲ್ಲ?"

"ಹನ್ನೊಂದನೇದು ನಂದು ಸಾರ್. ಕೊಟ್ಟೆ." ಅವನು ಪೆನ್ನಿನ ಮುಚ್ಚಳ ಹಾಕಿದ. "ಬೆಂಚು ಸವೆಸೋರಿಗೂ ಒಂದು ಸೀಟಿರಲಿ ಅಂತ."

ಮಾಸ್ತರು ಕನ್ನಡಕ ಮೇಲೇರಿಸಿ ಅವನ ಮುಖವನ್ನು ನೋಡಿದರು. ಬಹಳ ಹೊತ್ತು ನೋಡಿದರು. ಆಮೇಲೆ ಸಹಿ ಹಾಕಿದರು.

"ಕೈಗೆ ಬಂದ ತುತ್ತು ನೀನೇ ಚೆಲ್ಕೊಂಡಿಯಲ್ಲೋ ಪೆದ್ದ," ಎಂದ ಮ್ಯಾನೇಜರ್, ಸಂಜೆ ಕಾರ್ಖಾನೆಯಲ್ಲಿ ಹಾಳೆ ನೋಡಿ. ಬೈದನೇ ಹೊರತು ಹಾಳೆ ತಿದ್ದಲಿಲ್ಲ.

ಶನಿವಾರ ಅವನು ಹನ್ನೊಂದು ಕುತ್ತಿಗೆಗಳ ಗುಂಡಿ ನೋಡಿದ. ಜ್ವರ ಬಿಟ್ಟ ದೊಡ್ಡ ಇಂಜಿನಿಯರು ಮುಂದೆ ನಡೆದರು, ಹಿಂದೆ ಮಕ್ಕಳು. ಗಾಳಿ ಊದುವ ಕಿರುಕೋಣೆಯಲ್ಲಿ ಕಿಲಕಿಲ ನಗು. ಆಮೇಲೆ ಗಾಜಿನ ಬಾಗಿಲು ಮುಚ್ಚಿತು. ಆಚೆ, ಹಳದಿ ಬೆಳಕಿನಲ್ಲಿ, ಎಲ್ಲರೂ ಒಂದೇ ಥರ ಬೆಳ್ಳಗೆ, ಯಾರು ಮೊದಲ ಬೆಂಚು ಯಾರು ಕೊನೆಯ ಬೆಂಚು ಎಂದು ತಿಳಿಯುವಂತಿರಲಿಲ್ಲ. ಅವನನ್ನು ಕಂಡು ಮಕ್ಕಳು ಪಟಪಟ ಕೈ ಬೀಸಿದರು. ಇಂಜಿನಿಯರು ಗದರಿದರು. ಒಳಗೋಡೆಯ ಮೇಲಿನ ಧೂಳಿನ ಅಂಕಿ ಹತ್ತರಿಂದ ನಲವತ್ತಕ್ಕೆ ಹಾರಿ, ನಿಧಾನ ಇಳಿಯಿತು.

ಸಾಲಿನ ಕೊನೆಯದೊಂದು ಆಕೃತಿ ಉಳಿದವರು ತಿರುಗಿ ಹೋಗುವವರೆಗೂ ನಿಂತಿತ್ತು. ಆಮೇಲೆ ಅದು ತನ್ನ ಬಲಗೈಯನ್ನು ಮೇಲೆತ್ತಿತು. ನೀರಿನೊಳಗಿಂದ ಎತ್ತುವ ಹಾಗೆ, ಸೊಂಟದಿಂದ ಎದೆಗೆ, ಎದೆಯಿಂದ ಭುಜಕ್ಕೆ. ಅಂಗೈ ಪೂರ್ತಿ ತೆರೆಯುವವರೆಗೂ ಅವನು ಉಸಿರು ಬಿಗಿಹಿಡಿದು ಅಂಕಿಯನ್ನೇ ನೋಡುತ್ತಿದ್ದ.

ಹತ್ತು. ಹತ್ತು. ಹತ್ತು.