ಲೆಕ್ಕಕ್ಕೆ ಬಾರದ ಮಗು

"ಇನ್ನೊಂದು ಚೊಂಬು ಸುರಿಯೇ. ಬಲಭುಜದ ಮೇಲೆ," ಎಂದಳು ಮುದುಕಿ ಕುಂಬಾ.

ತೀಡಾ ಸುರಿದಳು. ಹಲಗೆಯ ಮೇಲೆ ಮಲಗಿಸಿದ್ದ ಜಾಲಿಕಾಳ ಹೊಟ್ಟೆ ಮಾತ್ರ ಕಾಯಿಲೆಯಿಂದ ಉಬ್ಬಿತ್ತು. ಉಳಿದ ಮೈ ಕಿತ್ತು ಒಣಗಿಸಿದ ಕಡಲೆಕಾಯಿ ಬಳ್ಳಿಯಂತಾಗಿತ್ತು.

ಕುಂಬಾ ಜಾಲಿಕಾಳ ಮನೆತನಕ್ಕೆ ಗೇಲಿಯ ನೆಂಟಳು. ಊರಿನ ವಾಡಿಕೆಯಂತೆ ಸತ್ತವಳನ್ನೂ ಬಯ್ಯುವ ಹಕ್ಕು ಅವಳಿಗಿತ್ತು. "ಏಳೇ ಸೋಮಾರಿ! ನಿಮ್ಮ ಸಾನ್ಯಾಂಗ್ ಮನೆತನದ ಜನ ಅನ್ನದ ವಾಸನೆಗೆ ಗೋರಿಯಿಂದಲೂ ಎದ್ದು ಬರ್ತಾರೆ. ಹೊರಗೆ ಎರಡು ಹಂಡೆ ಬೇಯ್ತಿದೆ ನೋಡು," ಎಂದು ಗದರಿದಳು. ಸುತ್ತಲಿದ್ದ ಹೆಂಗಸರು ಅಳುತ್ತಲೇ ನಕ್ಕರು. ತೀಡಾ ನಗಲಿಲ್ಲ, ಅಳಲೂ ಇಲ್ಲ.

"ಹತ್ತಿ ತಗೋ. ಕಿವಿಗೆ ನೀನೇ ಇಡು. ನಿನ್ನಷ್ಟು ಹತ್ತಿರದವರು ಅವಳಿಗೆ ಯಾರಿದ್ರು?"

ತೀಡಾ ಒಂದು ಕಿವಿಗೆ ಇಟ್ಟಳು. ಇನ್ನೊಂದಕ್ಕೆ ಇಡುವಾಗ ಬೆರಳು ಬಲವಾಗಿ ಒತ್ತಿತು.

"ಮೆಲ್ಲಗೆ ಕಣೇ," ಎಂದಳು ಕುಂಬಾ.

*

ಎಷ್ಟೋ ವರ್ಷಗಳ ಹಿಂದಿನ ಮಾತು. ಹತ್ತನೇ ತರಗತಿಯವರೆಗೆ ಓದಿದ್ದ, ಮಕ್ಕಳಿಲ್ಲದ ವಿಧವೆ ಜಾಲಿಕಾಗೆ ಸಂಶೋಧನಾ ಕೇಂದ್ರದಲ್ಲಿ ಕೆಲಸ. ಹೊಟ್ಟೆಗೆ ಸಾಲದ ಕೂಸುಗಳ ಮಿದುಳು ಹೇಗೆ ಬೆಳೆಯುತ್ತದೆಂದು ತಿಳಿಯಲು ಅಲ್ಲಿ ಮಕ್ಕಳ ತಲೆಗೆ ಕಪ್ಪು ಟೋಪಿ ಹಾಕುತ್ತಿದ್ದರು. ಟೋಪಿಯೊಳಗಿನ ಪುಟ್ಟ ದೀಪಗಳ ಬೆಳಕು ತಲೆಬುರುಡೆ ದಾಟಿ ಹೋಗಿ, ಮಿದುಳು ಎಲ್ಲಿ ಎಚ್ಚೆತ್ತಿದೆ ಎಂಬುದು ಪರದೆಯ ಮೇಲೆ ಗೆರೆಯಾಗಿ ಮೂಡುತ್ತಿತ್ತು. ಹೆದರುವ ತಾಯಂದಿರ ಮನೆಗೆ ಜಾಲಿಕಾ ಸೈಕಲ್ ತುಳಿದುಕೊಂಡು ಹೋಗುತ್ತಿದ್ದಳು. "ಸೂಜಿ ಇಲ್ಲ, ರಕ್ತ ಇಲ್ಲ, ನೋವಿಲ್ಲ. ಮಗು ಬೊಂಬೆ ನೋಡ್ಕೊಂಡು ನಿನ್ನ ತೊಡೆ ಮೇಲೇ ಕೂತಿರುತ್ತೆ."

ಆ ಮಾತು ನಂಬಿ ತೀಡಾ ಐದು ತಿಂಗಳ ನಾಫಿಯನ್ನು ಒಯ್ದಿದ್ದಳು.

ಸ್ಪೀಕರಿನಿಂದ ನಗು ಬಂತು, ಕೆಮ್ಮು ಬಂತು, ನೀರು ಸುರಿಯುವ ಸದ್ದು ಬಂತು. ಗೆರೆ ಅಲುಗಲಿಲ್ಲ. ಜಾಲಿಕಾ ಮಗುವಿನ ಬೆನ್ನ ಹಿಂದೆ ನಿಂತು ತಟ್ಟನೆ ಚಪ್ಪಾಳೆ ತಟ್ಟಿದಳು. ತೀಡಾ ಬೆಚ್ಚಿದಳು. ನಾಫಿ ಬೊಂಬೆಯಿಂದ ಕಣ್ಣು ಕೀಳಲಿಲ್ಲ.

ಹೊರಗೆ ಜಾಲಿಕಾಗೆ ಮೇಲ್ವಿಚಾರಕ ಡೆಂಬೋ ಸಿಕ್ಕಿದ.

"ಸಾರ್, ಆ ಮಗೂಗೆ ಕಿವಿ ಕೇಳಿಸ್ತಿಲ್ಲ ಅನ್ಸುತ್ತೆ. ತಾಯಿಗೆ ಒಂದು ಮಾತು ಹೇಳ್ಲಾ?"

"ಏನಂತ ಹೇಳ್ತೀಯಾ? ಟೋಪಿ ಮಕ್ಕಳ ಬುದ್ಧಿ ಹೀರುತ್ತೆ ಅಂತ ಮೊನ್ನೆ ತಾನೇ ಪುಕಾರೆದ್ದಿತ್ತು. ಇವತ್ತು ಕಿವಿ ಹೋಯ್ತು ಅಂದ್ರೆ ನಾಳೆ ಒಬ್ಬಳೂ ಬರಲ್ಲ. ನಿನ್ನ ಕೆಲಸಾನೂ ಹೋಗುತ್ತೆ, ನಂದೂ ಹೋಗುತ್ತೆ. ನಮಗೆ ಬೇಕಾಗಿರೋದು ಎಲ್ಲಾ ಮಕ್ಕಳ ಸರಾಸರಿ. ಟೋಪಿ ಸರಿಯಾಗಿ ಕೂತಿರಲಿಲ್ಲ ಅಂತ ಬರ್ಕೋ. ಲೆಕ್ಕಕ್ಕಿಲ್ಲ."

ಜಾಲಿಕಾ ಬರೆದುಕೊಂಡಳು. ಒಳಗೆ ಬಂದು, ಎಲ್ಲ ತಾಯಂದಿರಿಗೂ ಕೊಡುವ ಸೋಪನ್ನು ತೀಡಾಳ ಕೈಗಿಟ್ಟು, "ಇಷ್ಟು ಶಾಂತವಾದ ಮಗೂನ ನಾನು ನೋಡೇ ಇಲ್ಲ ಕಣೇ," ಎಂದಳು.

ತೀಡಾ ಆ ಮಾತನ್ನು ಕೇರಿಗೆಲ್ಲ ಹೇಳಿಕೊಂಡು ಬಂದಳು.

*

ನಾಫಿಗೆ ನಾಲ್ಕು ತುಂಬಿದಾಗ ರಾಜಧಾನಿ ಬಂಜುಲ್‌ನ ಡಾಕ್ಟರು, "ಕೂಸಾಗಿದ್ದಾಗಲೇ ತಂದಿದ್ರೆ ಕಿವಿಗೆ ಯಂತ್ರ ಹಾಕಿ ಮಾತು ಕಲಿಸಬಹುದಿತ್ತು," ಎಂದರು. "ಹೆತ್ತವಳಿಗೆ ನಾಲ್ಕು ವರ್ಷ ಗೊತ್ತಾಗಲಿಲ್ವಾ?" ಎಂದು ಅತ್ತೆ ಕೇಳಿದಳು. ಗಂಡ ಮುಂದಿನ ಬೇಸಿಗೆಗೆ ಇನ್ನೊಬ್ಬಳನ್ನು ಕಟ್ಟಿಕೊಂಡ.

ಆಗಿನಿಂದ ಪ್ರತಿ ಶುಕ್ರವಾರ ಜಾಲಿಕಾ ಬರುತ್ತಿದ್ದಳು. ನಾಫಿಯನ್ನು ಮುಂದೆ ಕೂರಿಸಿಕೊಂಡು ಸಣ್ಣ ಸಣ್ಣ ಜಡೆ ಹೆಣೆಯುತ್ತಿದ್ದಳು. ತನ್ನನ್ನು ದೂಷಿಸದವಳು ಊರಲ್ಲಿ ಇವಳೊಬ್ಬಳೇ ಎಂದು ತೀಡಾ ಮೀನು ಬೇಯಿಸಿದ ದಿನ ಅವಳಿಗೊಂದು ಪಾಲು ಎತ್ತಿಡುತ್ತಿದ್ದಳು.

ಹೋದ ವಾರ, ಹಾಸಿಗೆಯಿಂದ ಏಳಲಾರದ ಜಾಲಿಕಾ ತೀಡಾಳ ಕೈ ಹಿಡಿದುಕೊಂಡು ಎಲ್ಲ ಹೇಳಿದಳು. "ಇವತ್ತು ಹೇಳ್ಬಿಡ್ಬೇಕು ಅಂತಾನೇ ಪ್ರತಿ ಸಲ ಬರ್ತಿದ್ದೆ ಕಣೇ. ಜಡೆ ಹಾಕಿ ವಾಪಸ್ ಹೋಗ್ತಿದ್ದೆ. ಕ್ಷಮಿಸಿದೀನಿ ಅಂತ ಒಂದೇ ಒಂದು ಮಾತು ಹೇಳು."

ತೀಡಾ ಕೈ ಬಿಡಿಸಿಕೊಂಡು ಎದ್ದು ಬಂದಳು. ಮತ್ತೆ ಹೋಗಲಿಲ್ಲ.

*

ಬಿಳಿ ಬಟ್ಟೆ ಸುತ್ತಿದ ಹೆಣವನ್ನು ಅಂಗಳಕ್ಕೆ ತಂದಿಟ್ಟರು. ಗಂಡಸರು ಚಾಪೆಯಿಂದ ಎದ್ದರು. ಹೆಂಗಸರು ಜಗಲಿಯ ಮೇಲೆ ಒತ್ತಾಗಿ ಕೂತರು. ಕೇಂದ್ರದ ಜೀಪಿನಲ್ಲಿ ಬಂದಿದ್ದ ಡೆಂಬೋನ ತಲೆ ಈಗ ನೆರೆತಿತ್ತು. "ಆರುನೂರು ಮಕ್ಕಳು ಇವರ ಕೈ ದಾಟಿ ಹೋದ್ರು. ಒಬ್ಬ ತಾಯೀನೂ ಇವರ ಮೇಲೆ ದೂರು ಹೇಳಿಲ್ಲ," ಎಂದ.

ಪಕ್ಕದ ಊರಿನ ಇಮಾಮರು ಮುಂದೆ ಬಂದರು. "ಈಕೆಯಿಂದ ಯಾರಿಗಾದರೂ ಅನ್ಯಾಯ ಆಗಿದ್ರೆ, ಮಣ್ಣಿಗೆ ಹೋಗೋ ಮೊದಲು ಕ್ಷಮಿಸಿಬಿಡಿ."

"ಕ್ಷಮಿಸಿದ್ದೀವಿ," ಎಂದಿತು ಅಂಗಳ.

ಕುಂಬಾ ಮೊಣಕೈಯಿಂದ ತಿವಿದಳು. "ಬಾಯಿ ಬಿಡೇ. ನೀನೇ ಸುಮ್ನಿದ್ರೆ ಜನ ಏನಂದ್ಕೋತಾರೆ?"

ತೀಡಾ ಎದ್ದು ನಿಂತಳು. "ನನ್ನನ್ನ ಕೇಳ್ಬೇಡಿ. ನನ್ನ ಮಗಳನ್ನ ಕೇಳಿ. ಅಗೋ, ಅಲ್ಲಿದಾಳೆ."

ಎಲ್ಲರೂ ತಿರುಗಿದರು. ಮಾವಿನ ಮರದಡಿ ನಾಫಿ ಇತ್ತ ಬೆನ್ನು ಮಾಡಿ ಕೂತು ಅಕ್ಕಿ ಕೇರುತ್ತಿದ್ದಳು.

"ಮಗಳೇ," ಎಂದರು ಇಮಾಮರು.

ಊರವರು ನೆಲ ನೋಡಿದರು. ಡೆಂಬೋ ತೀಡಾಳ ಮುಖವನ್ನೊಮ್ಮೆ ನೋಡಿ ಜೀಪಿನ ಕಡೆ ತಿರುಗಿದ.

"ಮಗಳೇ, ಈ ದೊಡ್ಡಮ್ಮನನ್ನ ಕ್ಷಮಿಸಿದ್ದೀಯಾ?"

ಮೂರನೆಯ ಸಲ ಇಮಾಮರು ಕೂಗಿಯೇ ಕೇಳಿದರು. ಬೇಲಿಗೆ ಕಟ್ಟಿದ್ದ ಆಡುಗಳು ಬೆದರಿ ಎದ್ದುನಿಂತವು. ನಾಫಿ ಮೊರವನ್ನು ಮೇಲಕ್ಕೆ ಚಿಮ್ಮಿದಳು. ಹೊಟ್ಟು ಗಾಳಿಗೆ ಹಾರಿ, ಅಕ್ಕಿ ಮತ್ತೆ ಮೊರಕ್ಕೆ ಬಿತ್ತು.